ಮುಂದಿನ ತಿಂಗಳ ಖಾನೆ

ಹೋದ ವಾರ ಧಾರವಾಡದ ಗ್ಯಾಸ್ ಏಜೆನ್ಸಿಗೆ ಹೋಗಿದ್ದೆ. ಮೊಬೈಲಿನಲ್ಲಿ ಮಾಡಿದ ಬುಕಿಂಗ್ ಯಾಕೋ ದಾಖಲಾಗಿರಲಿಲ್ಲ, ಖುದ್ದಾಗಿ ಹೋಗಿ ಸರದಿಯಲ್ಲಿ ನಿಲ್ಲಬೇಕಾಯಿತು. ಕೌಂಟರಿನ ಆಚೆ ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇವಿನ್ನೂ ಬದುಕಿವೆಯೇ ಎಂದು ನನಗೆ ಆಶ್ಚರ್ಯ. ಅದು ಕರಕರ ಎಂದು ಅತ್ತಿತ್ತ ಓಡಾಡಿ ಒಂದು ಚೀಟಿ ಹೊರಹಾಕಿತು. ಚೀಟಿ ಕೈಗೆ ಬಂದ ಕೂಡಲೇ ರಿಬ್ಬನ್ನಿನ ಆ ಮಸಿ ವಾಸನೆ... ಹಿಂದೆ ನಿಂತವರು "ಲಗೂ ಸರೀರಿ ಮೇಡಂ" ಎನ್ನುವವರೆಗೂ ನಾನು ಆ ಚೀಟಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ನಿಂತಿದ್ದೆ. ಬಾಯಾರ ಸೆರಗಿಗೆ ಸದಾ ಇದೇ ವಾಸನೆ ಇರುತ್ತಿತ್ತು.

ಅವರಿಗೂ ಒಂದು ಹೆಸರಿತ್ತು. ಆದರೆ ಅದನ್ನು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ. ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದರಂತೆ, ಅಲ್ಲಿ ಕಲಿಯಲು ಬಂದವರೆಲ್ಲ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ, ಬಾಯಾರ ಎನ್ನುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿದು, ಆ ಕ್ಲಾಸು ಮುಚ್ಚಿ, ಅವರು ಕಂಪ್ಯೂಟರಿನ ಮುಂದೆ ಬಂದು ಕೂತರೂ ಆ ಕರೆ ಜೊತೆಗೇ ಬಂತು. ನಾನು ಅವರನ್ನು ಮೊದಲು ಕಂಡಾಗ ಅವರಿಗೆ ನಲವತ್ತೈದರ ಆಸುಪಾಸು. ಕುಳ್ಳಗಿನ ಆಳು, ನೂಲಿನ ಸೀರೆ, ಎಡಗೈಗೆ ಗಂಡಸರು ಕಟ್ಟುವ ದೊಡ್ಡ ಗಡಿಯಾರ. ಕೀಲಿಮಣೆಯನ್ನೂ ನೋಡದೆ, ಪರದೆಯನ್ನೂ ನೋಡದೆ, ಎದುರಿನ ಬೋಳು ಗೋಡೆ ನೋಡುತ್ತ ಟೈಪ್ ಮಾಡುತ್ತಿದ್ದರು. ಒಂದಕ್ಷರ ತಪ್ಪುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಇ. ಮುಗಿಸಿ ರಾಯಾಪುರದ ಮನೆಯಲ್ಲಿ ಕೂತಿದ್ದೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ರಕ್ತ ತಪಾಸಣೆಯ ದೊಡ್ಡ ಲ್ಯಾಬೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ಜನ ಬೇಕು ಎಂದು ಯಾರೋ ಹೇಳಿದರು. ಹೋದೆ. ಲ್ಯಾಬಿನ ಮಾಲೀಕರು ಡಾಕ್ಟರು, ಎಲ್ಲರಿಗೂ ಸಾಹೇಬರು. ಎರಡೇ ಪ್ರಶ್ನೆ ಕೇಳಿ ಕೆಲಸ ಕೊಟ್ಟರು. ಜೊತೆಗೆ ಮೂರು ವರ್ಷದ ಕರಾರು, ಮತ್ತು ಹತ್ತನೇ ಇಯತ್ತೆಯಿಂದ ಹಿಡಿದು ಬಿ.ಇ.ವರೆಗಿನ ನನ್ನ ಅಷ್ಟೂ ಮೂಲ ಅಂಕಪಟ್ಟಿಗಳು ಅವರ ಕಬ್ಬಿಣದ ಕಪಾಟಿನೊಳಗೆ. ಆಗ ಹಾಗೆಯೇ ಇತ್ತು, ಬಹಳ ಕಡೆ ಅದೇ ರಿವಾಜು. "ನಮ್ಮ ಕಪಾಟಿನ್ಯಾಗ ಭದ್ರ ಇರ್ತಾವ ಬಿಡವಾ" ಎಂದು ಕೀಲಿ ಜೇಬಿಗೆ ಹಾಕಿಕೊಂಡರು. ನಾನು ಪೆದ್ದಿಯ ಹಾಗೆ ಥ್ಯಾಂಕ್ಸ್ ಎಂದಿದ್ದೆ.

ಕಂಪ್ಯೂಟರ್ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇರಲಿಲ್ಲ. ಎ.ಸಿ. ಇತ್ತು, ಆದರೆ ಅದು ಯಂತ್ರಕ್ಕೆ ಹಾಕಿಸಿದ್ದು, ನಮಗಲ್ಲ. ತಂಪು ಹೊರಗೆ ಹೋಗಬಾರದೆಂದು ಬಾಗಿಲಿಗೆ ಸ್ಪ್ರಿಂಗ್ ಹಾಕಿದ್ದರು, ನಾವು ಒಳಗೆ ಬಂದ ಮೇಲೆ ಅದು ತಾನಾಗಿ ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತಿತ್ತು. ಹೊರಗೆ ಬಿಸಿಲೋ ಮಳೆಯೋ ಗೊತ್ತಾಗುತ್ತಿರಲಿಲ್ಲ. ಮೇಲಿನಿಂದ ಚೀಟಿ ತರುವವರ ತೋಳು ಒದ್ದೆಯಾಗಿದ್ದರೆ ಮಳೆ ಎಂದು ತಿಳಿಯಬೇಕು. ಮೊದಲ ತಿಂಗಳಲ್ಲಿ ನಾನು ದಿನಕ್ಕೆ ಹತ್ತು ಸಲ ನೀರು ಕುಡಿಯುವ ನೆಪ ಹೇಳಿ ಮೇಲೆ ಹೋಗುತ್ತಿದ್ದೆ. ರಾತ್ರಿ ಊಟ ಮಾಡುವಾಗ ಇನ್ನೂ ಎಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದೆ.

ಬಾಯಾರು ಮಾತ್ರ ಆ ಕೋಣೆಗೆ ನನಗಿಂತ ಒಂದು ತಾಸು ಮೊದಲೇ ಬಂದಿರುತ್ತಿದ್ದರು. ಎಲ್ಲರೂ ಹೋದ ಮೇಲೆ ಹೋಗುತ್ತಿದ್ದರು. ರವಿವಾರವೂ ಒಂದು ಸುತ್ತು ಬಂದು ನೋಡಿ ಹೋಗುತ್ತಿದ್ದರು. ಖುರ್ಚಿಯ ಮೇಲೆ ತಾವೇ ಹೊಲಿದ ಚೌಕದ ದಿಂಬು, ಮೇಜಿನ ಮೇಲೆ ಅರಿವೆ ಮುಚ್ಚಿದ ನೀರಿನ ತಂಬಿಗೆ, ಗೋಡೆಗೆ ಒಂದು ಕ್ಯಾಲೆಂಡರು. ಈ ಗವಿಯಲ್ಲಿ ಇವರಿಗೇನು ಸುಖವೋ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅಲ್ಲಿಯ ಕೆಲಸ ಹೀಗಿತ್ತು. ಹುಬ್ಬಳ್ಳಿಯದಷ್ಟೇ ಅಲ್ಲ, ನವಲಗುಂದ, ಕಲಘಟಗಿ, ಕುಂದಗೋಳ ಕಡೆಯ ಡಾಕ್ಟರುಗಳೂ ರಕ್ತ ಕಳಿಸುತ್ತಿದ್ದರು. ಸ್ಯಾಂಪಲ್‌ಗಳನ್ನು ಐಸ್ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುವವರು ಒಬ್ಬ ಹಿರಿಯರು, ಅವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಪ್ರತಿಯೊಂದು ತಪಾಸಣೆಯೂ ಕಂಪ್ಯೂಟರಿನಲ್ಲಿ ಒಂದು ಸಾಲು. ಎಲ್ಲ ಸಾಲುಗಳೂ ಒಂದೇ ಟೇಬಲ್ಲಿನಲ್ಲಿ. ಮೊದಲ ವರ್ಷ ಸರಿಯಿತ್ತಂತೆ. ಬರಬರುತ್ತ ಆ ಟೇಬಲ್ಲು ಲಕ್ಷಗಟ್ಟಲೆ ಸಾಲು ತುಂಬಿಕೊಂಡು ಊದಿಕೊಂಡಿತು. ನಿನ್ನೆ ಕೊಟ್ಟ ರಕ್ತದ ವರದಿ ಬೇಕು ಎಂದರೂ ಯಂತ್ರ ಮೊಟ್ಟಮೊದಲ ದಿನದಿಂದ ಹುಡುಕುತ್ತ ಬರಬೇಕು. ಮೇಲೆ ಬಾಕಿನ ಮೇಲೆ ಜನ ಕೂತೇ ಇರಬೇಕು. ದಿನದ ಕೊನೆಗೆ ಎಲ್ಲದರ ನಕಲು ತೆಗೆದಿಡುವ ಕೆಲಸ ಮರುದಿನ ಬೆಳಿಗ್ಗೆಯಾದರೂ ಮುಗಿಯುತ್ತಿರಲಿಲ್ಲ. ಕಡೆಗೆ ಪುಣೆಯಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಆತ ಒಂದು ವಾರ ಕೂತು ಆ ಟೇಬಲ್ಲನ್ನು ತಿಂಗಳಿಗೊಂದರಂತೆ ಪಾರ್ಟಿಷನ್ ಮಾಡಿಕೊಟ್ಟು ಹೋದ. ಇದೆಲ್ಲ ನಾನು ಸೇರುವ ಮೊದಲೇ ಆದದ್ದು.

ಬಾಯಾರು ಅದನ್ನು ನನಗೆ ವಿವರಿಸಿದ್ದು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿತ್ತು. "ಕಪಾಟು ಒಂದ ಐತಿ ತಂಗಿ, ಒಳಗ ಖಾನಿ ಬ್ಯಾರೆ ಬ್ಯಾರೆ. ಮಾರ್ಚ್ ತಿಂಗಳದ್ದು ಬೇಕಂದ್ರ ಅದು ಮಾರ್ಚಿನ ಖಾನಿ ಅಷ್ಟ ತಗೀತೈತಿ. ಉಳಿದದ್ದನ್ನ ಮುಟ್ಟಂಗಿಲ್ಲ. ಹಳೇವನ್ನ ಒಮ್ಮೆ ನಕಲು ಮಾಡಿ ಇಟ್ಟ್ರ ಮುಗೀತು, ದಿನಾ ಅದನ್ನ ಎತ್ತಿ ಇಳಸೂದ್ಯಾಕ?" ಪಾರ್ಟಿಷನ್ ಎಂಬ ಶಬ್ದ ಅವರಿಗೆ ಸೇರುತ್ತಿರಲಿಲ್ಲ. ಅದು ಮನೆ ಮುರಿಯುವ ಮಾತು ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಯಾವಾಗಲೂ ಖಾನಿ.

ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಮುಂದಿನ ತಿಂಗಳ ಖಾನೆಯನ್ನು ಯಾರಾದರೂ ಮೊದಲೇ ಮಾಡಿಟ್ಟಿರಬೇಕು. ಮಾಡದಿದ್ದರೆ ಒಂದನೇ ತಾರೀಖಿನ ಬೆಳಿಗ್ಗೆ ಯಂತ್ರ ಹಟ ಹಿಡಿಯುತ್ತದೆ, ಈ ತಿಂಗಳಿಗೆ ನನ್ನಲ್ಲಿ ಜಾಗವಿಲ್ಲ ಎಂದು ಒಂದು ಸಾಲನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಖಾನೆ ಮಾಡುವ ಕೆಲಸ ಬಾಯಾರದು. ಅವರು ಅದನ್ನು ಅಮಾವಾಸ್ಯೆಯ ದಿನ ಮಾಡುತ್ತಿದ್ದರು.

ನಮ್ಮ ಕಡೆ ಅಮಾವಾಸ್ಯೆ ಎಂದರೆ ಅಂಗಡಿಗೆ, ಗಾಡಿಗೆ, ಗಿರಣಿಗೆ ಪೂಜೆ. ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೂ ಕುಂಕುಮ ಬೀಳುತ್ತಿತ್ತು. ಕೆಳಗಿನ ಕೋಣೆಯ ಪೂಜೆ ಬಾಯಾರದು. ಅಂದು ತಲೆಗೆ ಎರೆದುಕೊಂಡು ಬಂದು, ಯಂತ್ರಕ್ಕೆ ಹೂವು ಏರಿಸಿ, ಊದಿನಕಡ್ಡಿ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದರು. ಐದು ನಿಮಿಷ ಯಾರೂ ಒಳಗೆ ಬರಬಾರದು. ಆ ಐದು ನಿಮಿಷದಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಮುಂದಿನ ತಿಂಗಳ ಖಾನೆ ಮಾಡಿ ಮುಗಿಸುತ್ತಿದ್ದರು. ಆಮೇಲೆ ಮೇಲೆ ಹೋಗಿ ಮೆಟ್ಟಿಲಿಗೆ ಕಾಯಿ ಒಡೆಯುತ್ತಿದ್ದರು. ಲ್ಯಾಬಿನವರಿಗೆಲ್ಲ ಗೊತ್ತಿದ್ದದ್ದು ಇಷ್ಟೇ, ಬಾಯಾರು ಪೂಜೆ ಮಾಡಿದರೆ ಕಂಪ್ಯೂಟರ್ ತಿಂಗಳಿಡೀ ತಕರಾರಿಲ್ಲದೆ ನಡೆಯುತ್ತದೆ. ಕೈಗುಣ ಎನ್ನುತ್ತಿದ್ದರು. ಓದಿದ ಡಾಕ್ಟರು ಸಾಹೇಬರೂ ಅರ್ಧ ಹಾಗೆಯೇ ನಂಬಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ತಿನ್ನುವಾಗ ಕೇಳಿಯೇಬಿಟ್ಟೆ. ಪ್ರತಿ ತಿಂಗಳು ಯಾಕೆ ಒದ್ದಾಡುತ್ತೀರಿ, ಹನ್ನೆರಡು ಖಾನೆ ಒಮ್ಮೆಗೇ ಮಾಡಿಟ್ಟರಾಯಿತಲ್ಲ? ಇಲ್ಲವೇ ತಾನಾಗಿಯೇ ಮಾಡಿಕೊಳ್ಳುವ ಹಾಗೆ ಒಂದು ಸಣ್ಣ ಪ್ರೋಗ್ರಾಂ ಬರೆದರೆ ಮುಗಿಯಿತಲ್ಲ? ಬಾಯಾರು ಚಟ್ನಿ ಹಚ್ಚಿದ ರೊಟ್ಟಿಯನ್ನು ನನ್ನ ಡಬ್ಬಿಗೆ ಹಾಕಿದರು.

"ಹನ್ನೆರಡು ಒಮ್ಮೆಲೆ ಮಾಡಿಟ್ರ, ಉಳಿದ ಹನ್ನೊಂದು ತಿಂಗಳ ನಾ ಯಾಕ ಬೇಕು ತಂಗಿ?" ಎಂದರು.

ಪುಣೆಯವನೂ ಇದನ್ನೇ ಹೇಳಿದ್ದನಂತೆ, ತಾನೇ ಆಗುವಂತೆ ಬರೆದುಕೊಡುತ್ತೇನೆ ಎಂದು. ಬಾಯಾರು ಅವನಿಗೆ ಮರಾಠಿಯಲ್ಲಿ, ಕೈಮುಗಿದು, ಬೇಡ ಎಂದಿದ್ದರು. ಆತ ಅವರ ಮುಖ ನೋಡಿ, ಏನು ಅರ್ಥವಾಯಿತೋ, ನಾಲ್ಕು ಸಾಲು ಕಲಿಸಿಕೊಟ್ಟು ಹೋಗಿದ್ದ.

ಆಗ ಅವರು ತಮ್ಮ ಮನೆಯ ವಿಷಯ ಹೇಳಿದರು. ಅವರಾಗಿಯೇ ಹೇಳಿದ್ದು ಅದೊಂದೇ ಸಲ. ಗಂಡ ಮದುವೆಯಾದ ಎರಡನೇ ವರ್ಷ ಎತ್ತಲೋ ಹೋದವನು ಬಂದಿರಲಿಲ್ಲ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ತವರಿನವರದೇ ಹಳೇ ಮನೆ, ಅಣ್ಣ ತಮ್ಮಂದಿರ ಸಂಸಾರ. "ಮನ್ಯಾಗ ವಾಟ್ನಿ ಆತು. ಮುಂದಿಂದು ಅಣ್ಣಗ, ಹಿಂದಿಂದು ತಮ್ಮಗ. ನಡುವ ಪಡಸಾಲಿ ಐತಲ್ಲ, ಅಲ್ಲಿ ನನ್ನ ಟ್ರಂಕು. ಈ ಮನಿಯವರು ಆ ಮನಿಗೆ ಹೋಗೂದು ಅಲ್ಲಿಂದನ, ಆ ಮನಿಯವರು ಬಚ್ಚಲಕ್ಕ ಹೋಗೂದು ಅಲ್ಲಿಂದನ. ಸೀರಿ ಉಡಬೇಕಂದ್ರೂ ಯಾರರ ಕೆಮ್ಮತಾರೇನು ನೋಡಬೇಕು." ನಕ್ಕರು. ಆಮೇಲೆ ಸ್ಪ್ರಿಂಗಿನ ಬಾಗಿಲ ಕಡೆ ಕೈ ತೋರಿಸಿ, "ಇಲ್ಲೆ ನೋಡು, ಬಾಗಲಾ ತಾನ ಹಾಕ್ಕೊಂತೈತಿ. ಎಲ್ಲಿ ಹೊಂಟಿ, ಯಾಕ ಹೊಂಟಿ ಅಂತ ಕೇಳಾವ್ರಿಲ್ಲ" ಎಂದರು.

ನಾನು ಆ ಬಾಗಿಲನ್ನು ನೋಡಿದೆ. ದಿನವೂ ನನ್ನ ಉಸಿರು ಕಟ್ಟಿಸುತ್ತಿದ್ದ ಬಾಗಿಲು ಅದೇ. ಯಾರಿಗೂ ಹೇಳುವುದಿಲ್ಲ ಎಂದು ನಾನೇ ಅವರ ಕೈ ಮುಟ್ಟಿ ಹೇಳಿದೆ. ಹೇಳಬೇಡ ಎಂದು ಅವರೇನೂ ಮಾತು ತೆಗೆದುಕೊಂಡಿರಲಿಲ್ಲ. ಅಂದಿನಿಂದ ಬಾಗಿಲು ಮುಂದೆ ಮಾಡಿಕೊಳ್ಳುವ ಆ ಐದು ನಿಮಿಷ ನಾನೂ ಒಳಗಿರುತ್ತಿದ್ದೆ, ನಾಲ್ಕು ಸಾಲುಗಳನ್ನೂ ತೋರಿಸಿಕೊಟ್ಟರು. ವರ್ಷ ಮತ್ತು ತಿಂಗಳು ಸೇರಿಸಿ ಆರು ಅಂಕೆಯ ಒಂದು ಸಂಖ್ಯೆ, ಪ್ರತಿ ಖಾನೆಗೂ ಅದೇ ಗುರುತು. "ಡಿಸೆಂಬರ್ ಅಮಾಸಿಗೆ ಮಾತ್ರ ಹುಷಾರು ತಂಗಿ. ವರ್ಷಾನೂ ಬದಲಿಸಬೇಕು" ಎಂದಿದ್ದರು. ನಾನು ಹೂಂಗುಟ್ಟಿದ್ದೆ. ಬಿ.ಇ. ಓದಿದವಳಿಗೆ ಇದನ್ನೂ ಹೇಳಬೇಕೇ ಎಂಬ ಜಂಬ ಬೇರೆ.

ಎರಡು ಸಾವಿರ ಇಸವಿ ಕಳೆದ ಮೇಲೆ ಒಮ್ಮೆ ಬಾಯಾರಿಗೆ ಟೈಫಾಯಿಡ್ ಬಂತು. ಅಮಾವಾಸ್ಯೆಯ ದಿನ ಅವರು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ನನಗೂ ಆ ದಿನ ಹೊಳೆಯಲಿಲ್ಲ. ಹೊಳೆದದ್ದು ಒಂದನೇ ತಾರೀಖಿನ ಬೆಳಿಗ್ಗೆ, ಮೊದಲ ವರದಿಯನ್ನೇ ಯಂತ್ರ ಹಿಂದಕ್ಕೆ ಎಸೆದಾಗ. ಅರ್ಧ ತಾಸಿನಲ್ಲಿ ಮೇಲಿನ ಬಾಕುಗಳೆಲ್ಲ ತುಂಬಿ ಜನ ರಸ್ತೆಗೆ ನಿಂತರು. ನವಲಗುಂದದ ಡಾಕ್ಟರು ಬಸುರಿಯೊಬ್ಬಳ ವರದಿಗಾಗಿ ಮೂರು ಸಲ ಫೋನ್ ಮಾಡಿದರು. ಸಾಹೇಬರು ಕೆಳಗಿಳಿದು ಬಂದು ನನ್ನ ಖುರ್ಚಿಯ ಹಿಂದೆಯೇ ನಿಂತರು. ನಾಲ್ಕು ಸಾಲು ನನ್ನ ಬೆರಳ ತುದಿಯಲ್ಲಿದ್ದವು. ಅವರು ಎರಡು ನಿಮಿಷ ಆಚೆ ಹೋಗಿದ್ದರೆ ಸಾಕಿತ್ತು. ಹೋಗಲಿಲ್ಲ.

"ನಿನಗ ಬರಂಗಿಲ್ಲೇನು?" ಎಂದು ಕೇಳಿದರು.

"ಇಲ್ರಿ ಸಾಹೇಬ್ರ. ಅದು ಬಾಯಾರ ಕೈಗುಣರಿ" ಎಂದೆ, ಮುಖ ಗಟ್ಟಿ ಮಾಡಿಕೊಂಡು.

ರಿಕ್ಷಾ ಕಳಿಸಿದರು. ಬಾಯಾರು ಶಾಲು ಹೊದ್ದು, ಕಾಕಾರ ಭುಜ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ನಾಲ್ಕು ಸಾಲು ಹೊಡೆದು, ತಿರುಗಿ ರಿಕ್ಷಾ ಹತ್ತಿದರು. ಅಷ್ಟರಲ್ಲಿ ಎರಡು ತಾಸು ಆಗಿತ್ತು. ಆ ಬಸುರಿಯ ವರದಿಯನ್ನು ಕೈಯಲ್ಲಿ ಬರೆದು, ಫೋನಿನಲ್ಲಿ ಓದಿ ಹೇಳಿದ್ದರು, ಏನೂ ಕೆಡುಕಾಗಲಿಲ್ಲ. ಆದರೂ ಆ ಎರಡು ತಾಸು ಬಾಯಿ ಮುಚ್ಚಿ ಕೂತದ್ದರ ಪಾಪ ನನಗೆ ಹತ್ತಿದೆ. ಅದೇ ಹೊತ್ತಿಗೆ, ಬಾಯಾರ ವಿಷಯದಲ್ಲಿ ನಾನು ಹೆಮ್ಮೆಪಡಬಹುದಾದದ್ದು ಇದ್ದರೆ ಆ ಎರಡು ತಾಸು ಮಾತ್ರ. ಸಾಹೇಬರು ಮೇಲೆ ಹೋಗುವಾಗ "ನಮ್ಮ ಜುಟ್ಟು ಒಬ್ಬರ ಕೈಯಾಗ ಕೊಟ್ಟು ಕುಂತೇವಲ್ಲ" ಎಂದು ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು.

ಅದಾಗಿ ಕೆಲವು ತಿಂಗಳಿಗೆ ನನ್ನ ಮನೆಗೊಂದು ಲಕೋಟೆ ಬಂತು. ಹಿಂದೆ ಎಂದೋ ಅರ್ಜಿ ಹಾಕಿದ್ದ ಕೆಲಸ, ಧಾರವಾಡದ ಪಾಲಿಟೆಕ್ನಿಕ್ಕಿನಲ್ಲಿ ಉಪನ್ಯಾಸಕಿ. ಮುಂದಿನ ತಿಂಗಳ ಮೊದಲ ವಾರದಲ್ಲಿ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು, ಆಗದಿದ್ದರೆ ಆಯ್ಕೆ ರದ್ದು. ಕರಾರು ಮುಗಿಯಲು ಇನ್ನೂ ವರ್ಷದ ಮೇಲಿತ್ತು. ಮೂಲ ದಾಖಲೆಗಳು ಸಾಹೇಬರ ಕಪಾಟಿನಲ್ಲಿದ್ದವು. ಅವರ ಮುಂದೆ ನಿಂತು ಕೇಳಿಕೊಂಡೆ, ಅತ್ತೆ. ಸಾಹೇಬರು ಕೆಟ್ಟವರಲ್ಲ, ಬಡವರಿಗೆ ಎಷ್ಟೋ ತಪಾಸಣೆ ಹಾಗೆಯೇ ಮಾಡಿಕೊಡುತ್ತಿದ್ದರು. ಆದರೆ ಯಾವ ಗಂಟು ಎಲ್ಲಿ ಬಿಗಿಯಬೇಕೆಂದು ಅವರಿಗೆ ಗೊತ್ತಿತ್ತು.

"ಬಾಯಾರು ಅಮಾಸಿಗೆ ಮಾಡೂದು ನಿನಗ ಬರಂಗಿಲ್ಲ ಅಂದ್ರ ನಾ ನಂಬಂಗಿಲ್ಲವಾ. ಅದನ್ನ ತಾನ ಆಗೂಹಂಗ ಮಾಡು. ಒಮ್ಮೆ ನನ್ನ ಕಣ್ಣ ಮುಂದ ನಡೀಲಿ. ಅವತ್ತ ನಿನ್ನ ಕಾಗದ ಒಯ್ಯಿ."

ಬಾಯಾರಿಗೆ ಏನಾಗುತ್ತದೆ ಎಂದು ಕೇಳಿದೆ. ಬೇರೆ ಕೆಲಸ ಕೊಡೋಣ ಎಂದರು. ನನಗೆ ಅದನ್ನು ನಂಬುವುದು ಬೇಕಾಗಿತ್ತು, ನಂಬಿದೆ. ಆ ರಾತ್ರಿ ಬಾಯಾರಿಗೆ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ, ಬೆಳಿಗ್ಗೆ ಅವರ ಮುಖ ನೋಡಿ ಬಾಯಿ ಬರಲಿಲ್ಲ. ಹೇಳಿದ್ದರೆ ಅವರು "ಮಾಡು ತಂಗಿ" ಎನ್ನುತ್ತಿದ್ದರೋ ಏನೋ... ಅದೂ ಬೇಡವಾಗಿತ್ತು ನನಗೆ. ಎರಡು ಮಧ್ಯಾಹ್ನ ಅವರ ಪಕ್ಕದಲ್ಲೇ ಕೂತು ಆ ಪ್ರೋಗ್ರಾಂ ಬರೆದೆ. ಇಪ್ಪತ್ತು ಸಾಲು. ಪ್ರತಿ ತಿಂಗಳ ಇಪ್ಪತ್ತೈದನೇ ತಾರೀಖು ಅದು ತಾನಾಗಿ ಎದ್ದು, ಈ ತಿಂಗಳ ಸಂಖ್ಯೆಗೆ ಒಂದು ಕೂಡಿಸಿ, ಮುಂದಿನ ಖಾನೆ ಮಾಡಿ ಮಲಗುತ್ತದೆ. ಕಾಲೇಜಿನಲ್ಲಿ ಕಲಿಸಿದ ಹಾಗೆ ಎಲ್ಲಕ್ಕೂ ಮೇಲೆ ಬರೆದವರ ಹೆಸರೆಂದು ನನ್ನ ಪೂರ್ತಿ ಹೆಸರು ಹಾಕಿದೆ.

"ಏನ್ ಬರಿಯಾಕತ್ತಿ?" ಎಂದು ಬಾಯಾರು ಒಮ್ಮೆ ಕೇಳಿದರು.

"ಹಿಂದಿನ ವರ್ಷದ ವರದಿ ಎಣಿಸೂದ್ರಿ" ಎಂದೆ. ಅವರು ತಮ್ಮ ತಂಬಿಗೆಯಿಂದ ನನಗೂ ನೀರು ಹಾಕಿಕೊಟ್ಟರು.

ಇಪ್ಪತ್ತೈದರಂದು, ಬಾಯಾರು ಮೇಲೆ ಹೋಗಿದ್ದ ಹೊತ್ತಿನಲ್ಲಿ, ಅದು ನಡೆಯಿತು. ಸಾಹೇಬರು ಪರದೆ ನೋಡಿದರು, ಕಪಾಟು ತೆಗೆದರು, ಅಂಕಪಟ್ಟಿಗಳನ್ನು ಕೊಟ್ಟರು. ತಿಂಗಳ ಕೊನೆಯವರೆಗೆ ಕೆಲಸ ಮಾಡಿ ಹೋಗು ಎಂದರು. ಆ ಸಲ ಅಮಾವಾಸ್ಯೆ ಎರಡೋ ಮೂರೋ ದಿನ ಬಿಟ್ಟು ಬಂತು. ಬಾಯಾರು ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಬಂದರು. ಹೂವು ಏರಿಸಿದರು, ಊದಿನಕಡ್ಡಿ ಹಚ್ಚಿದರು, ಬಾಗಿಲು ಮುಂದೆ ಮಾಡಿದರು. ನಾನು ನನ್ನ ಖುರ್ಚಿಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದೆ. ಅವರು ನಾಲ್ಕು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರು. ಈ ಖಾನೆ ಆಗಲೇ ಇದೆ ಎಂದು ಯಂತ್ರ ಹೇಳಿತು.

ಅವರು ಇನ್ನೊಮ್ಮೆ ಟೈಪ್ ಮಾಡಿದರು, ಈ ಸಲ ಪರದೆಯನ್ನು ನೋಡುತ್ತ, ಒಂದೊಂದೇ ಅಕ್ಷರ. ಮತ್ತೆ ಅದೇ ಮಾತು. ಎ.ಸಿ. ಗುರ್ ಎನ್ನುತ್ತಿತ್ತು, ಊದಿನಕಡ್ಡಿಯ ಬೂದಿ ಮೇಜಿನ ಮೇಲೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿಕೊಂಡು ತಯಾರಾಗಿದ್ದೆ.

"ನಿನ್ನ ಕಾಗದ ಸಿಕ್ಕಾವೇನು ತಂಗಿ?" ಎಂದು ಕೇಳಿದರು.

"ಸಿಕ್ಕಾವ್ರಿ."

"ಛಲೋ ಆತು."

ಎದ್ದು ಹೋಗಿ ಮೆಟ್ಟಿಲಿಗೆ ಕಾಯಿ ಒಡೆದು ಬಂದರು. ನನಗೂ ಒಂದು ಚೂರು ಕೊಟ್ಟರು. ತಿಂದೆ.

ನಾನು ಧಾರವಾಡದಲ್ಲಿ ಕೆಲಸಕ್ಕೆ ಸೇರಿದ ಎರಡು ತಿಂಗಳಿಗೆ ಬಾಯಾರನ್ನು ಬಿಡಿಸಿದರೆಂದು ಸುದ್ದಿ ಬಂತು. ಬೇರೆ ಕೆಲಸವೇನೂ ಕೊಟ್ಟಿರಲಿಲ್ಲ. ನಾನು ಮನಸ್ಸಿಗೆ ಏನೇನೋ ಸಮಾಧಾನ ಹೇಳಿಕೊಂಡೆ. ನಾನಲ್ಲದಿದ್ದರೆ ಇನ್ನೊಬ್ಬರು ಬರೆದುಕೊಡುತ್ತಿದ್ದರು, ಎಷ್ಟು ದಿನ ಅಂತ ಮುಚ್ಚಿಡಲು ಆಗುತ್ತಿತ್ತು, ಹೀಗೆ. ಇವೆಲ್ಲ ಖರೆಯೇ. ಖರೆ ಇದ್ದರೂ ಒಂದೂ ಉಪಯೋಗಕ್ಕೆ ಬರಲಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗ ಬಾಗಿಲು ತಾನಾಗಿ ಮುಚ್ಚಿಕೊಂಡರೆ ಮಾತು ನಿಂತುಬಿಡುತ್ತಿತ್ತು.

ಎಷ್ಟೋ ವರ್ಷಗಳ ನಂತರ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಾಕಾ ಸಿಕ್ಕರು. ಐಸ್ ಡಬ್ಬಿ ಇರಲಿಲ್ಲ, ಕೈಯಲ್ಲಿ ಕೋಲು ಬಂದಿತ್ತು. ಗುರುತು ಹಿಡಿದು ನಿಲ್ಲಿಸಿ, ಚಹಾ ಕುಡಿಸಿ, ನಾನು ಕೇಳದಿದ್ದರೂ ಬಾಯಾರ ವಿಷಯ ತೆಗೆದರು. ನಾನು ಬಿಟ್ಟುಹೋದ ವರ್ಷದ ಮರು ಜನವರಿ ಒಂದನೇ ತಾರೀಖು ಲ್ಯಾಬು ಮತ್ತೆ ನಿಂತಿತ್ತಂತೆ. ಕೇಳುತ್ತಿದ್ದಂತೆಯೇ ನನಗೆ ತಿಳಿಯಿತು. ಡಿಸೆಂಬರಿನ ಹನ್ನೆರಡಕ್ಕೆ ಒಂದು ಕೂಡಿಸಿ, ನನ್ನ ಪ್ರೋಗ್ರಾಂ ಯಾವ ಕ್ಯಾಲೆಂಡರಿನಲ್ಲೂ ಇಲ್ಲದ ಹದಿಮೂರನೇ ತಿಂಗಳಿಗೆ ಖಾನೆ ಮಾಡಿ ನಿಶ್ಚಿಂತೆಯಿಂದ ಮಲಗಿತ್ತು. ಜನವರಿಗೆ ಜಾಗವೇ ಇರಲಿಲ್ಲ.

ನನಗೆ ಫೋನ್ ಮಾಡಿದರಂತೆ, ಸಿಕ್ಕಿರಲಿಲ್ಲ. ಕಡೆಗೆ ಕಾಕಾ ರಿಕ್ಷಾ ತೆಗೆದುಕೊಂಡು ದುರ್ಗದಬೈಲಿಗೆ ಹೋದರು. ಬಾಯಾರು ಆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರಂತೆ. ಕರೆದ ಕೂಡಲೇ ಕೈ ಒರೆಸಿಕೊಂಡು ಬಂದರು. ಐದು ನಿಮಿಷದಲ್ಲಿ ಜನವರಿಯ ಖಾನೆ ಮಾಡಿಕೊಟ್ಟರು. ಆದರೆ ಏಳಲಿಲ್ಲ. ನಾನು ಬರೆದದ್ದನ್ನು ತೆರೆದು, ಅರ್ಧ ತಾಸು ಓದಿ, ಎಲ್ಲೋ ಎರಡು ಸಾಲು ಸೇರಿಸಿ, ಸರಿಮಾಡಿ ಮುಚ್ಚಿದರು. ಸಾಹೇಬರು ಏನಾಗಿತ್ತು ಎಂದು ಕೇಳಿದರೆ "ಕರೆಂಟು ಹೆಚ್ಚುಕಮ್ಮಿ ಆಗಿರಬೇಕ್ರಿ" ಎಂದರಂತೆ.

"ತಿರುಗಿ ಬಿಡಾಕ ಹೋಗುವಾಗ ಅದನ್ನೆಲ್ಲಾ ಹೇಳಿದ್ರು, ಆಗ ನಾನ ಕೇಳಿದ್ನಿ ನೋಡವಾ" ಎಂದರು ಕಾಕಾ. "ಬಾಯಾರ, ಅದನ್ನ ಹಂಗ ಬಿಟ್ಟಿದ್ರ ವರ್ಷಾ ವರ್ಷಾ ನಿಮ್ಮನ್ನ ಕರಸ್ತಿದ್ರು. ತಿರುಗಿ ಕೆಲಸಕ್ಕೂ ಇಟ್ಕೊಂತಿದ್ರೇನೋ. ಯಾಕ ಸರಿ ಮಾಡಿದ್ರಿ? ಅಂದ್ನಿ. ಏನಂದ್ರು ಗೊತ್ತೈತೇನು? ಆ ಹುಡುಗಿ ಹೆಸರು ಅದರ ಮ್ಯಾಲ ಐತಿ ಕಾಕಾ. ಈಗ ಹೊಸದಾಗಿ ನೌಕರಿಗೆ ಹತ್ಯಾಳ. ತಪ್ಪು ಅಕಿ ಹೆಸರಿಲೆ ಉಳಿಬಾರದು, ಅಂದ್ರು."

ಚಹಾದ ಕಪ್ಪು ಕೆಳಗಿಟ್ಟೆ. ಬಾಯಾರು ಈಗ ಹೇಗಿದ್ದಾರೆ ಎಂದು ಕೇಳಿದೆ. ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. ಹೋದ ಶ್ರಾವಣದಲ್ಲಿ ತೀರಿಕೊಂಡರಲ್ಲ, ನಿನಗೆ ಯಾರೂ ಹೇಳಲಿಲ್ಲವೇ ಎಂದರು.

ಈಗ ನಾನೂ ಬಾಯಾರ ಅಂದಿನ ವಯಸ್ಸನ್ನು ದಾಟಿದ್ದೇನೆ. ಈಗಿನ ಯಂತ್ರಗಳು ಮುಂದಿನ ತಿಂಗಳ ಖಾನೆಯನ್ನು ಯಾರೂ ಹೇಳದೆ ತಾವೇ ಮಾಡಿಕೊಳ್ಳುತ್ತವೆ, ವಿದ್ಯಾರ್ಥಿಗಳಿಗೆ ಆ ಪಾಠ ಹತ್ತು ನಿಮಿಷದ್ದು. ನನ್ನ ಗಂಡ, ಮಕ್ಕಳು, ಯಾರಿಗೂ ಬಾಯಾರ ವಿಷಯ ನಾನು ಹೇಳಿಲ್ಲ. ಹೇಳಲು ಹೋದರೆ ನನ್ನ ಪಾಲಿನದನ್ನೂ ಹೇಳಬೇಕಾಗುತ್ತದೆ.

ಅವರು ಬದುಕಿದ್ದ ಅಷ್ಟೂ ವರ್ಷ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿತ್ತು, ಹತ್ತು ನಿಮಿಷಕ್ಕೊಂದು. ದುರ್ಗದಬೈಲಿಗೆ ಎಷ್ಟು ಸಲ ಹೋಗಿಲ್ಲ ನಾನು, ಸೀರೆಗೆ, ಬಳೆಗೆ, ಹಬ್ಬದ ಸಂತೆಗೆ. ಎರಡು ಸಲ ಆ ಓಣಿಯ ತುದಿಯವರೆಗೂ ಹೋಗಿ ನಿಂತು ಬಂದಿದ್ದೇನೆ. ಅವರು ಬೈಯುತ್ತಾರೆಂದು ಹೆದರಿ ಅಲ್ಲ. ಬೈಯುವುದಿಲ್ಲ ಎಂದು ಗೊತ್ತಿತ್ತು. ಬಾ ತಂಗಿ, ಕುಂಡ್ರು ಎಂದು ಆ ಪಡಸಾಲೆಯಲ್ಲಿ, ಎರಡು ಮನೆಯವರು ದಾಟಿ ಓಡಾಡುವ ಆ ಜಾಗದಲ್ಲಿ, ತಮ್ಮ ಟ್ರಂಕಿನ ಮೇಲೆ ನನ್ನನ್ನು ಕೂಡಿಸುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಹೋಗಲಿಲ್ಲ.